ಮಾಂಸಕ್ಕೆ ಬದಲಿ ಹುಡುಕುವವರಿಗೆ: ಮೊದಲು ಯಾವುದನ್ನು ಬಿಡಬೇಕು, ಆ ಜಾಗಕ್ಕೆ ಏನು ತರಬೇಕು

ಮಾಂಸ ಕಡಿಮೆ ಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲು ದನ, ಕುರಿ, ಹಂದಿಯ ಕೆಂಪು ಮಾಂಸ ಬಿಡುತ್ತಾರೆ; ಬಿಟ್ಟು ಕೋಳಿಗೆ ಬರುತ್ತಾರೆ. ಹೃದಯದ ವೈದ್ಯರು ಹೇಳುವುದೂ ಅದನ್ನೇ, ಹವಾಮಾನದ ಚಿಂತೆ ಇರುವವರು ಹೇಳುವುದೂ ಅದನ್ನೇ. ಆದರೆ ಪ್ರಾಣಿಗಳ ಸಂಕಟಕ್ಕೆ ಮರುಗಿ ಮಾಂಸ ಕಡಿಮೆ ಮಾಡುವವರಿಗೆ ಇದಕ್ಕಿಂತ ಕೆಟ್ಟ ದಾರಿ ಇನ್ನೊಂದಿಲ್ಲ.

ಲೆಕ್ಕ ಸರಳವಾಗಿದೆ. ವರ್ಷಕ್ಕೆ 25 ಕಿಲೊ ಮಾಂಸ ತಿನ್ನುವ ಒಬ್ಬರನ್ನು ತೆಗೆದುಕೊಳ್ಳಿ. ಒಂದು ಫಾರಂ ಕೋಳಿಯಿಂದ ಸುಮಾರು ಒಂದೂವರೆ ಕಿಲೊ ಮಾಂಸ ಸಿಗುತ್ತದೆ, ಒಂದು ದನದಿಂದ ಸುಮಾರು 200 ಕಿಲೊ. ದನದ ಮಾಂಸವನ್ನಷ್ಟೇ ತಿಂದರೆ ಒಂದು ಪ್ರಾಣಿ ಎಂಟು ವರ್ಷಕ್ಕೆ ಸಾಕು. ಕೋಳಿಯನ್ನಷ್ಟೇ ತಿಂದರೆ ಅದೇ ಎಂಟು ವರ್ಷಕ್ಕೆ ನೂರ ಮೂವತ್ತಕ್ಕೂ ಹೆಚ್ಚು ಕೋಳಿಗಳು ಬೇಕು. ಜಗತ್ತಿನಲ್ಲಿ ವರ್ಷಕ್ಕೆ ಮಾಂಸಕ್ಕಾಗಿ ಕೊಲ್ಲುವ ನೆಲದ ಪ್ರಾಣಿಗಳು ಸುಮಾರು 8,000 ಕೋಟಿ. ಅವುಗಳಲ್ಲಿ 7,000 ಕೋಟಿಗೂ ಹೆಚ್ಚು ಕೋಳಿಗಳೇ.

ಹೀಗಾಗಿ, ಬದಲಿ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಯಾವ ಕಾರಣಕ್ಕೆ ಬದಲಿ ಬೇಕು ಎಂದು ತಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ. ಕಾರಣ ಬದಲಾದರೆ ಉತ್ತರವೂ ಬದಲಾಗುತ್ತದೆ.

ನಿಮ್ಮನ್ನು ಕಾಡುತ್ತಿರುವುದು ಯಾವುದು?

ಕೆಲವರನ್ನು ಕಾಡುವುದು ನೋವು. ಪ್ರಾಣಿ ಸಾಯುವುದಕ್ಕಿಂತ ಅದು ಬದುಕಿದ ರೀತಿ ಅವರಿಗೆ ಅಸಹನೀಯ. ಇನ್ನು ಕೆಲವರಿಗೆ ಕೊಲ್ಲುವುದೇ ತಪ್ಪು. ಎಷ್ಟೇ ಸುಖವಾಗಿ ಸಾಕಿದ್ದರೂ, ಬದುಕಲು ಬಯಸುವ ಜೀವವನ್ನು ರುಚಿಗಾಗಿ ಮುಗಿಸುವ ಹಕ್ಕು ನಮಗೆ ಯಾರು ಕೊಟ್ಟರು ಎಂಬುದು ಅವರ ಪ್ರಶ್ನೆ. ಮೂರನೆಯವರ ಚಿಂತೆ ಭೂಮಿಯದು: ಕಾಡು, ನೀರು, ಬಿಸಿಯಾಗುತ್ತಿರುವ ವಾತಾವರಣ. ನಾಲ್ಕನೆಯದು ಸ್ವಂತ ಆರೋಗ್ಯ. ಅದು ನೀತಿಯ ಪ್ರಶ್ನೆಯಲ್ಲದಿದ್ದರೂ ನಿರ್ಧಾರದಲ್ಲಿ ಅದಕ್ಕೂ ಪಾಲಿದೆ.

ಈ ನಾಲ್ಕನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುವುದರಿಂದಲೇ ಮಾತುಕತೆ ಅರ್ಧಕ್ಕೆ ನಿಲ್ಲುತ್ತದೆ. ಭೂಮಿಯ ಲೆಕ್ಕದಲ್ಲಿ ದನದ ಮಾಂಸ ಎಲ್ಲಕ್ಕಿಂತ ಕೆಟ್ಟದ್ದು. ನೋವಿನ ಲೆಕ್ಕದಲ್ಲಿ ಕೋಳಿ ಮತ್ತು ಮೊಟ್ಟೆ ಕೆಟ್ಟವು. ಕೊಲ್ಲುವುದೇ ತಪ್ಪು ಎನ್ನುವವರಿಗೆ ಹಾಲು, ಮೊಟ್ಟೆಗಳೂ ಮಾಂಸದ ಸಾಲಿಗೇ ಬಂದು ನಿಲ್ಲುತ್ತವೆ.

ಪ್ರಾಣಿಗಳಿಗೆ ನೋವಾಗುತ್ತದೆಯೇ ಎಂಬ ಅನುಮಾನಕ್ಕೆ ಈಗ ಹೆಚ್ಚು ಜಾಗ ಉಳಿದಿಲ್ಲ. ಸಸ್ತನಿಗಳು, ಹಕ್ಕಿಗಳು, ಆಕ್ಟೋಪಸ್‌ನಂಥ ಜೀವಿಗಳಲ್ಲಿ ಪ್ರಜ್ಞೆಗೆ ಬೇಕಾದ ನರವ್ಯವಸ್ಥೆ ಇದೆ ಎಂದು ನರವಿಜ್ಞಾನಿಗಳ ಗುಂಪೊಂದು 2012ರಲ್ಲಿ ಕೇಂಬ್ರಿಜ್‌ನಲ್ಲಿ ಸಹಿ ಹಾಕಿ ಘೋಷಿಸಿತು. ಮೀನಿನ ಬಗ್ಗೆ 2003ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗವನ್ನು ಓದಿದ ಮೇಲೆ ನನಗಂತೂ ಮನಸ್ಸು ಹಗುರವಾಗಿರಲು ಸಾಧ್ಯವಾಗಿಲ್ಲ. ಟ್ರೌಟ್ ಮೀನುಗಳ ತುಟಿಗೆ ಆಮ್ಲ ಚುಚ್ಚಿದಾಗ ಅವು ಮೇವು ಬಿಟ್ಟವು, ತೊಟ್ಟಿಯ ತಳದ ಕಲ್ಲುಗಳಿಗೆ ತುಟಿ ಉಜ್ಜಿದವು. ಮಾರ್ಫಿನ್ ಕೊಟ್ಟಾಗ ಆ ವರ್ತನೆ ಕಡಿಮೆಯಾಯಿತು. ಬ್ರಿಟನ್ 2022ರಲ್ಲಿ ತಂದ ಪ್ರಾಣಿ ಸಂವೇದನೆಯ ಕಾಯ್ದೆ ಏಡಿ, ಲಾಬ್‌ಸ್ಟರ್, ಆಕ್ಟೋಪಸ್‌ಗಳನ್ನೂ ನೋವು ಅನುಭವಿಸುವ ಜೀವಿಗಳೆಂದು ಒಪ್ಪಿಕೊಂಡಿದೆ.

ಗಿಡಕ್ಕೂ ಜೀವವಿಲ್ಲವೇ ಎಂಬ ಪ್ರಶ್ನೆ ಪ್ರತಿ ಚರ್ಚೆಯಲ್ಲೂ ಬರುತ್ತದೆ. ಜೀವವಿದೆ, ಆದರೆ ನೋವನ್ನು ಅನುಭವಿಸಲು ಬೇಕಾದ ನರಮಂಡಲವಾಗಲಿ ಮೆದುಳಾಗಲಿ ಇಲ್ಲ. ಒಂದು ವೇಳೆ ಇದೆ ಎಂದೇ ಇಟ್ಟುಕೊಂಡರೂ ವಾದ ಮಾಂಸದ ಪರವಾಗಿ ನಿಲ್ಲುವುದಿಲ್ಲ. ಜಗತ್ತಿನ ಬೆಳೆಗಳಿಂದ ಬರುವ ಒಟ್ಟು ಕ್ಯಾಲೊರಿಯಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಸಾಕುಪ್ರಾಣಿಗಳ ಮೇವಿಗೆ ಹೋಗುತ್ತದೆ. ಸೋಯಾದಲ್ಲಂತೂ ಮುಕ್ಕಾಲು ಭಾಗಕ್ಕೂ ಹೆಚ್ಚು ಮೇವೇ. ತೋಫು, ಸೋಯಾ ಹಾಲಿನಂತೆ ಮನುಷ್ಯರು ನೇರವಾಗಿ ತಿನ್ನುವುದು ಶೇ 10ಕ್ಕಿಂತ ಕಡಿಮೆ. ಗಿಡಗಳನ್ನು ಉಳಿಸಬೇಕೆಂದರೂ ಅವನ್ನು ನೇರವಾಗಿ ತಿನ್ನುವುದೇ ಸರಿ. ಉಳುಮೆ, ಕೊಯ್ಲಿನಲ್ಲಿ ಸಾಯುವ ಇಲಿ, ಹುಳುಗಳ ವಿಷಯಕ್ಕೂ ಇದೇ ಉತ್ತರ ಸಲ್ಲುತ್ತದೆ.

ಪ್ರಾಣಿಜನ್ಯ ಆಹಾರಗಳೊಳಗೇ ಹೋಲಿಕೆ

ಪೂರ್ತಿ ಬಿಡಲು ಆಗದವರು ಅಥವಾ ಒಂದೊಂದಾಗಿ ಬಿಡುವವರು ಈ ಭಾಗವನ್ನು ಗಮನವಿಟ್ಟು ನೋಡಬೇಕು. ಎಲ್ಲ ಮಾಂಸವೂ ಒಂದೇ ಎನ್ನುವ ಮಾತು ಕೇಳಲು ದಿಟ್ಟವಾಗಿದ್ದರೂ ತೀರ್ಮಾನಕ್ಕೆ ನೆರವಾಗುವುದಿಲ್ಲ.

ಕೋಳಿ ಮಾಂಸದಿಂದ ಶುರು ಮಾಡುತ್ತೇನೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 1957ರ ತಳಿ, 1978ರ ತಳಿ ಮತ್ತು 2005ರ ತಳಿಯ ಕೋಳಿಗಳನ್ನು ಒಂದೇ ರೀತಿಯ ಮೇವು ಕೊಟ್ಟು ಸಾಕಿದರು. 56ನೆಯ ದಿನ ಹಳೆಯ ತಳಿಯ ಕೋಳಿ 905 ಗ್ರಾಂ ತೂಗಿತು. ಹೊಸ ತಳಿಯದು 4,202 ಗ್ರಾಂ. ಮೇವು ಒಂದೇ ಆಗಿದ್ದರಿಂದ ಈ ವ್ಯತ್ಯಾಸವೆಲ್ಲ ತಳಿಯದು. ಈ ಬೆಳವಣಿಗೆಯನ್ನು ಕಾಲಿನ ಎಲುಬು, ಹೃದಯ, ಶ್ವಾಸಕೋಶ ತಾಳಿಕೊಳ್ಳುವುದಿಲ್ಲ. ಕೊನೆಯ ವಾರಗಳಲ್ಲಿ ಹಕ್ಕಿ ಹೆಚ್ಚು ಹೊತ್ತು ಕುಳಿತೇ ಇರುತ್ತದೆ. ಕುಳಿತ ಜಾಗ ಹಿಕ್ಕೆಯಿಂದ ಒದ್ದೆಯಾದ ಹೊಟ್ಟು. ಅದರಿಂದ ಏಳುವ ಅಮೋನಿಯಾ ಕಣ್ಣನ್ನು ಉರಿಸುತ್ತದೆ, ಒದ್ದೆ ಹೊಟ್ಟು ಪಾದ ಮತ್ತು ಕಾಲಿನ ಗಂಟಿನ ಚರ್ಮವನ್ನು ಸುಡುತ್ತದೆ. ಸುಮಾರು ಆರು ವಾರಕ್ಕೆ ಅದನ್ನು ಕಸಾಯಿಖಾನೆಗೆ ಒಯ್ಯುತ್ತಾರೆ. ದೇಹ ದೊಡ್ಡ ಕೋಳಿಯದಾದರೂ ದನಿ ಆಗಲೂ ಮರಿಯದೇ. ಸಾಕುಕೋಳಿ ತನ್ನ ಪಾಡಿಗೆ ಬದುಕಿದರೆ ಐದಾರು ವರ್ಷ ಬಾಳುತ್ತದೆ.

ಮೊಟ್ಟೆಯಲ್ಲಿ ಕೊಲೆ ಇಲ್ಲ ಎಂದು ನಂಬಿ ಅದನ್ನು ಉಳಿಸಿಕೊಳ್ಳುವವರು ತುಂಬಾ ಜನ. ಇಂದಿನ ಸಾಕುಕೋಳಿಯ ಕಾಡಿನ ಪೂರ್ವಜ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತಿತ್ತು. ಇಂದಿನ ಮೊಟ್ಟೆಕೋಳಿ ಸುಮಾರು 300 ಇಡುತ್ತದೆ. ಚಿಪ್ಪಿಗೆ ಬೇಕಾದ ಸುಣ್ಣಾಂಶವನ್ನು ದೇಹ ತನ್ನ ಎಲುಬಿನಿಂದಲೂ ಹಿಂಡಿ ಕೊಡುತ್ತದೆ, ಎದೆಯೆಲುಬು ಮುರಿಯುವುದು ಸಾಮಾನ್ಯ. ಗಂಡುಮರಿ ಮೊಟ್ಟೆ ಇಡುವುದಿಲ್ಲ, ಮಾಂಸದ ತಳಿಯಂತೆ ಬೇಗ ಬೆಳೆಯುವುದೂ ಇಲ್ಲ. ಹಾಗಾಗಿ ಹುಟ್ಟಿದ ದಿನವೇ ಅದನ್ನು ಅರೆಯುವ ಯಂತ್ರಕ್ಕೋ ಅನಿಲಕ್ಕೋ ಹಾಕುತ್ತಾರೆ. ಜಗತ್ತಿನಲ್ಲಿ ಹೀಗೆ ಸಾಯುವ ಮರಿಗಳು ವರ್ಷಕ್ಕೆ ನೂರಾರು ಕೋಟಿ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಅಲ್ಲಿ ಮೊಟ್ಟೆಯೊಳಗಿರುವಾಗಲೇ ಲಿಂಗ ಪತ್ತೆ ಮಾಡುವ ತಂತ್ರ ಬಳಕೆಗೆ ಬಂದಿದೆ.

ಮೊಟ್ಟೆ ಬಿಡಲಾಗದವರು ಡಬ್ಬಿಯ ಮೇಲಿನ ಮಾತುಗಳನ್ನಾದರೂ ಬಿಡಿಸಿ ಓದಬೇಕು. ಹಳೆಯ ಮಾದರಿಯ ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಒಂದು ಎ4 ಹಾಳೆಗಿಂತ ಕಡಿಮೆ. ಐರೋಪ್ಯ ಒಕ್ಕೂಟ ಆ ಪಂಜರಗಳನ್ನು 2012ರಲ್ಲಿ ನಿಷೇಧಿಸಿತು. ಬಹಳಷ್ಟು ದೇಶಗಳಲ್ಲಿ ಅವು ಇನ್ನೂ ಇವೆ. 'ಪಂಜರಮುಕ್ತ' ಎಂದರೆ ಪಂಜರವಿಲ್ಲ, ಅಷ್ಟೇ. ಸಾವಿರಾರು ಕೋಳಿಗಳು ಒಂದೇ ಶೆಡ್ಡಿನಲ್ಲಿ ಬಿಸಿಲು ಕಾಣದೆ ಇರಬಹುದು. 'ಫ್ರೀ ರೇಂಜ್' ಎಂದರೆ ಹೊರಗೆ ಹೋಗುವ ಅವಕಾಶ ಇರಬೇಕು. 'ಫಾರಂ ತಾಜಾ', 'ನೈಸರ್ಗಿಕ' ಎಂಬ ಮಾತುಗಳು ಕೋಳಿ ಹೇಗೆ ಬದುಕಿತು ಎಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಗಂಡುಮರಿಯ ಪ್ರಶ್ನೆಗೆ ಈ ಯಾವ ಹಣೆಪಟ್ಟಿಯೂ ಉತ್ತರ ಕೊಡುವುದಿಲ್ಲ.

ಹಾಲಿನ ಪ್ರಶ್ನೆ ಹೆಚ್ಚು ತೊಡಕಿನದು. ಹಸು ಕರು ಹಾಕದೆ ಹಾಲಿಲ್ಲ. ದೊಡ್ಡ ಡೇರಿಗಳಲ್ಲಿ ಕರುವನ್ನು ಹುಟ್ಟಿದ ಕೆಲವೇ ಗಂಟೆ ಅಥವಾ ದಿನಗಳಲ್ಲಿ ತಾಯಿಯಿಂದ ಬೇರ್ಪಡಿಸುತ್ತಾರೆ. ಗಂಡುಕರುವಿಗೆ ಡೇರಿಯಲ್ಲಿ ಕೆಲಸವಿಲ್ಲ, ಹಾಲು ಕಡಿಮೆಯಾದ ಹಸುವಿಗೂ ಇಲ್ಲ. ಎರಡರ ದಾರಿಯೂ ಬಹುತೇಕ ಕಸಾಯಿಖಾನೆಗೇ ಹೋಗುತ್ತದೆ. ಹಾಲಿನ ಉದ್ಯಮ ಮತ್ತು ಮಾಂಸದ ಉದ್ಯಮ ಒಂದೇ ಹಟ್ಟಿಯವು. ಆದರೂ ಒಂದು ಹಸು ಕೊಡುವ ಹಾಲಿನ ಪ್ರಮಾಣ ದೊಡ್ಡದಾದ್ದರಿಂದ ಒಂದು ಲೋಟಕ್ಕೆ ತಗಲುವ ಪ್ರಾಣಿಯ ಪಾಲು ಚಿಕ್ಕದು.

ಆ ಪಾಲನ್ನು ಅಳೆಯಲು ನಾನು ಬಳಸುವ ಅಳತೆಗೋಲು ಇದು: 20 ಗ್ರಾಂ ಪ್ರೊಟೀನ್‌ಗಾಗಿ ಒಂದು ಪ್ರಾಣಿ ಎಷ್ಟು ಹೊತ್ತು ಆ ಶೆಡ್ಡಿನಲ್ಲಿ ಬದುಕಬೇಕು? ಕೋಳಿ ಮಾಂಸವಾದರೆ ಸುಮಾರು 100 ಗ್ರಾಂ ಬೇಕು. ಆರು ವಾರದಲ್ಲಿ ಒಂದೂವರೆ ಕಿಲೊ ಎಂದು ಹಂಚಿದರೆ ಹೆಚ್ಚುಕಡಿಮೆ ಮೂರು ದಿನ. ಮೊಟ್ಟೆಯಾದರೆ ಮೂರು ಬೇಕು. ಒಂದು ಮೊಟ್ಟೆಗೆ ಕೋಳಿಯ ಒಂದು ದಿನದ ಮೇಲೆ ಸ್ವಲ್ಪ, ಅಂದರೆ ಅಲ್ಲೂ ಮೂರು ದಿನ ದಾಟುತ್ತದೆ. ಒಂದೂವರೆ ವರ್ಷ ಬದುಕಿ 200 ಕಿಲೊ ಕೊಡುವ ದನವಾದರೆ ಆರೂವರೆ ಗಂಟೆ. ದಿನಕ್ಕೆ 20 ಲೀಟರ್ ಕರೆಯುವ ಹಸುವಿನ ಹಾಲಾದರೆ ಮುಕ್ಕಾಲು ಗಂಟೆಯ ಆಸುಪಾಸು. ಈ ಲೆಕ್ಕದಲ್ಲಿ ತಾಯಿಕೋಳಿಗಳು, ಕರುಗಳು, ಗಂಡುಮರಿಗಳು ಸೇರಿಲ್ಲ, ಒಂದು ದಿನದ ನೋವಿನ ತೀವ್ರತೆಯೂ ಸೇರಿಲ್ಲ. ಅದನ್ನು ಸೇರಿಸಿದರೆ ಪಂಜರದ ಕೋಳಿಯ ಒಂದು ದಿನ ಹುಲ್ಲುಗಾವಲಿನ ದನದ ಒಂದು ದಿನಕ್ಕಿಂತ ಎಷ್ಟೋ ಭಾರವಾಗುತ್ತದೆ. ಅಂತರ ಇನ್ನೂ ಹಿಗ್ಗುತ್ತದೆ.

ಹಂದಿಗಳ ಬದುಕು ಬಹುಮಟ್ಟಿಗೆ ಕೋಳಿಯದರಂತೆಯೇ ಇಕ್ಕಟ್ಟಿನದು. ಹಲವು ದೇಶಗಳಲ್ಲಿ ಗಬ್ಬದ ಹಂದಿಯನ್ನು ಹಿಂದಕ್ಕೆ ತಿರುಗಲೂ ಆಗದ ಕಬ್ಬಿಣದ ಚೌಕಟ್ಟಿನಲ್ಲಿ ಇಡುತ್ತಾರೆ. ಅದರ ಗರ್ಭಾವಧಿ ಸುಮಾರು 114 ದಿನ. ನಾಯಿಯಷ್ಟೇ ಚುರುಕಾದ ಪ್ರಾಣಿ ಇದು ಎಂದು ನೆನಪಿಟ್ಟುಕೊಂಡರೆ ಹೆಚ್ಚು ಹೇಳಬೇಕಾಗಿಲ್ಲ.

ಈಗ ಭೂಮಿಯ ಲೆಕ್ಕ. 119 ದೇಶಗಳ ಸುಮಾರು 38,000 ಕೃಷಿ ಘಟಕಗಳ ಮಾಹಿತಿ ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ ಇಂದಿಗೂ ಈ ವಿಷಯದಲ್ಲಿ ಎಲ್ಲರೂ ಕೈಗೆತ್ತಿಕೊಳ್ಳುವ ಆಧಾರ. 100 ಗ್ರಾಂ ಪ್ರೊಟೀನ್‌ಗೆ ಹೊರಬೀಳುವ ಹಸಿರುಮನೆ ಅನಿಲವನ್ನು ಇಂಗಾಲದ ಡೈಆಕ್ಸೈಡ್‌ಗೆ ಸಮೀಕರಿಸಿದರೆ, ಮಾಂಸಕ್ಕೆಂದೇ ಸಾಕಿದ ದನದ್ದು ಸರಾಸರಿ 50 ಕಿಲೊ, ಕುರಿಯದು 20, ಚೀಸ್ 11, ಹಂದಿ 7.6, ಕೋಳಿ 5.7, ಮೊಟ್ಟೆ 4.2. ತೋಫು 2, ಬಟಾಣಿ ಅರ್ಧ ಕಿಲೊಗೂ ಕಡಿಮೆ. ಮಾಂಸ, ಹಾಲು, ಮೊಟ್ಟೆ, ಸಾಕಣೆಯ ಮೀನು ಎಲ್ಲ ಸೇರಿ ಜಗತ್ತಿನ ಕೃಷಿಭೂಮಿಯ ಶೇ 83ರಷ್ಟನ್ನು ಬಳಸಿಕೊಂಡು ನಮಗೆ ಕೊಡುವುದು ಶೇ 18ರಷ್ಟು ಕ್ಯಾಲೊರಿ, ಶೇ 37ರಷ್ಟು ಪ್ರೊಟೀನ್.

ಹುಲ್ಲು ಮೇಯ್ದ ದನವಾದರೆ ಭೂಮಿಗೆ ಒಳ್ಳೆಯದಲ್ಲವೇ? ಆ ದನ ಸುಖವಾಗಿ ಬದುಕುತ್ತದೆ, ಅದು ನಿಜ. ಆದರೆ ನಿಧಾನವಾಗಿ ಬೆಳೆಯುವುದರಿಂದ ಹೆಚ್ಚು ಕಾಲ ಮೀಥೇನ್ ಎಂಬ ಹಸಿರುಮನೆ ಅನಿಲ ಬಿಡುತ್ತದೆ, ಹೆಚ್ಚು ನೆಲ ಕೇಳುತ್ತದೆ. ಮಣ್ಣು ಹೀರಿಕೊಳ್ಳುವ ಇಂಗಾಲಕ್ಕೂ ಮಿತಿಯಿದೆ. ಕೆಲವು ದಶಕಗಳಲ್ಲಿ ಮಣ್ಣು ತುಂಬಿ ಹೀರುವುದು ನಿಲ್ಲುತ್ತದೆ. ಬೆಳೆ ಬೆಳೆಯಲಾಗದ ಒಣಭೂಮಿಯಲ್ಲಿ, ಹಿಮಪ್ರದೇಶದಲ್ಲಿ ಪ್ರಾಣಿಗಳನ್ನು ನಂಬಿ ಬದುಕುವ ಜನರ ಮಾತೇ ಬೇರೆ. ಅಂಗಡಿಯಲ್ಲಿ ಹತ್ತು ಬಗೆಯ ಬೇಳೆ ಸಿಗುವವರು ಅವರ ಹೆಸರು ಹೇಳಿ ತಮ್ಮ ತಟ್ಟೆಯನ್ನು ಸಮರ್ಥಿಸಿಕೊಳ್ಳಬಾರದು.

ಮೀನಿನ ಸಂಖ್ಯೆಯನ್ನು ಯಾರೂ ಎಣಿಸುವುದಿಲ್ಲ, ಟನ್ನುಗಳಲ್ಲಿ ತೂಗುತ್ತಾರೆ. ಸಮುದ್ರ ಮತ್ತು ನದಿಗಳಲ್ಲಿ ಹಿಡಿಯುವ ಮೀನುಗಳು ವರ್ಷಕ್ಕೆ ಒಂದು ಲಕ್ಷ ಕೋಟಿಗೂ ಹೆಚ್ಚು ಎಂಬ ಅಂದಾಜಿದೆ. ಬಹಳಷ್ಟು ಮೀನು ಉಸಿರುಗಟ್ಟಿಯೇ ಸಾಯುತ್ತವೆ. ಸಾಲ್ಮನ್‌ನಂಥ ಸಾಕಣೆಯ ಮೀನು ಸಮುದ್ರದ ಹೊರೆ ಇಳಿಸುತ್ತದೆ ಎನ್ನುವುದೂ ಅರ್ಧ ಸತ್ಯ. ಅದರ ಮೇವಿಗೆ ಸಣ್ಣ ಮೀನುಗಳನ್ನೇ ಹಿಡಿದು ಪುಡಿ ಮಾಡುತ್ತಾರೆ.

ಇಲ್ಲೊಂದು ಅಪವಾದವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸಿಂಪಿ, ನೀಲಿಕಲ್ಲಿನಂಥ ಎರಡು ಚಿಪ್ಪಿನ ಜೀವಿಗಳಿಗೆ ಮೆದುಳಿಲ್ಲ, ಕೆಲವು ನರಗಂಟುಗಳಷ್ಟೇ ಇವೆ. ಅವನ್ನು ಸಾಕಲು ಮೇವು ಹಾಕಬೇಕಿಲ್ಲ, ನೀರನ್ನು ಸೋಸಿಯೇ ಅವು ಬದುಕುತ್ತವೆ. ಬಿ12 ವಿಟಮಿನ್ ಮತ್ತು ಕಬ್ಬಿಣಾಂಶ ಎರಡೂ ಅವುಗಳಲ್ಲಿ ಧಾರಾಳ. ನೋವಿನ ಆಧಾರದ ಮೇಲೆ ಆಯ್ಕೆ ಮಾಡುವವರು ಹಗ್ಗದ ಮೇಲೆ ಸಾಕಿದ ನೀಲಿಕಲ್ಲನ್ನು ತಿಂದರೆ ನಾನು ತಪ್ಪು ಹುಡುಕುವುದಿಲ್ಲ. ಸಿಗಡಿ ಈ ಗುಂಪಿಗೆ ಸೇರುವುದಿಲ್ಲ, ಅದಕ್ಕೆ ನೋವಾಗುತ್ತದೆ ಎನ್ನಲು ಪುರಾವೆ ಸಾಕಷ್ಟಿದೆ.

ಬದಲಿಗೆ ಏನು?

ಮಾಂಸ ಬಿಟ್ಟವರು ಮತ್ತೆ ಅದಕ್ಕೆ ಮರಳುವುದು ಸಾಮಾನ್ಯವಾಗಿ ವಾದದಲ್ಲಿ ಸೋತು ಅಲ್ಲ, ಊಟ ಸಪ್ಪೆಯಾಗಿ. ಆದ್ದರಿಂದ ನಾಲಿಗೆ ಕಳೆದುಕೊಳ್ಳುವುದೇನು ಎಂದು ಮೊದಲು ತಿಳಿಯಬೇಕು. ಉಪ್ಪು, ಕೊಬ್ಬು, ಅಗಿಯಲು ಸಿಗುವ ಹಿಡಿತ, ಹೆಚ್ಚು ಉರಿಯಲ್ಲಿ ಕಂದುಬಣ್ಣಕ್ಕೆ ತಿರುಗಿದಾಗ ಬರುವ ಘಮ, ಉಮಾಮಿ ಎಂದು ಕರೆಯುವ ಗ್ಲುಟಮೇಟ್‌ನ ರುಚಿ. ಈ ಐದನ್ನೂ ಪ್ರಾಣಿಯಿಲ್ಲದೆ ತರಬಹುದು. ಹುದುಗಿಸಿದ ಸೋಯಾ ಸಾಸ್, ಒಣಗಿಸಿದ ಅಣಬೆ, ಬೇಯಿಸಿ ಗಟ್ಟಿಯಾಗಿಸಿದ ಟೊಮೆಟೊ ಮೂರರಲ್ಲೂ ಗ್ಲುಟಮೇಟ್ ತುಂಬಿದೆ.

ಬೇಳೆಕಾಳುಗಳು ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುತ್ತವೆ. ಒಣಗಿದ ಬೇಳೆಯ 100 ಗ್ರಾಂನಲ್ಲಿ ಸುಮಾರು 24 ಗ್ರಾಂ ಪ್ರೊಟೀನ್. ಬೇಯಿಸಿದರೆ ನೀರು ಹೀರಿ 100 ಗ್ರಾಂಗೆ 9 ಗ್ರಾಂ ಆಗುತ್ತದೆ. ಬೇಳೆಯ ಪ್ರೊಟೀನ್‌ನಲ್ಲಿ ಪ್ರೊಟೀನನ್ನು ಕಟ್ಟುವ ಅಂಶಗಳಲ್ಲಿ ಒಂದಾದ ಮಿಥಿಯೊನಿನ್ ಕಡಿಮೆ, ಧಾನ್ಯದಲ್ಲಿ ಇನ್ನೊಂದಾದ ಲೈಸಿನ್ ಕಡಿಮೆ. ದಿನದ ಊಟದಲ್ಲಿ ಎರಡೂ ಇದ್ದರೆ ಕೊರತೆ ನೀಗುತ್ತದೆ, ಒಂದೇ ತುತ್ತಿನಲ್ಲಿ ಇರಬೇಕೆಂದಿಲ್ಲ. ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಅಂಶವನ್ನು ಇಳಿಸಿ ಕಬ್ಬಿಣ ಮತ್ತು ಸತುವನ್ನು ದೇಹಕ್ಕೆ ಸುಲಭವಾಗಿ ಒದಗಿಸುತ್ತವೆ. ಹೊಟ್ಟೆಯುಬ್ಬರದ ಭಯ ಇರುವವರು ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಬೇಕು, ಪ್ರಮಾಣವನ್ನು ನಿಧಾನವಾಗಿ ಏರಿಸಬೇಕು. ಭೂಮಿ, ಪ್ರಾಣಿ, ದೇಹ, ಹಣ ಯಾವ ಕಡೆಯಿಂದ ಅಳೆದರೂ ಬೇಳೆಯನ್ನು ಮೀರಿಸುವುದು ಕಷ್ಟ. ಮಾಂಸದಂತೆ ಅಗಿಯಲು ಸಿಗುವುದಿಲ್ಲ ಎಂಬುದೊಂದೇ ಕೊರತೆ.

ಆ ಕೊರತೆ ತುಂಬಲು ಸೋಯಾ ಬರುತ್ತದೆ. ತೋಫು ಸಪ್ಪೆ ಎಂದು ದೂರುವವರು ಬಹುತೇಕ ಅದನ್ನು ಪೊಟ್ಟಣದಿಂದ ತೆಗೆದು ನೇರವಾಗಿ ಬಾಣಲೆಗೆ ಹಾಕಿದವರು. ಗಟ್ಟಿ ತೋಫುವನ್ನು ಬಟ್ಟೆಯಲ್ಲಿ ಸುತ್ತಿ ಭಾರ ಇಟ್ಟು ಅರ್ಧ ಗಂಟೆ ನೀರು ಇಳಿಸಬೇಕು. ಇನ್ನೂ ಒಳ್ಳೆಯ ದಾರಿಯೆಂದರೆ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಮರುದಿನ ಕರಗಿಸುವುದು. ಒಳಗಿನ ನೀರು ಹರಳಾಗಿ ರಂಧ್ರಗಳನ್ನು ಮಾಡಿರುತ್ತದೆ. ಕೈಯಲ್ಲಿ ಹಿಂಡಿದರೆ ಹಳದಿ ಛಾಯೆಯ ನೀರು ಧಾರೆಯಾಗಿ ಇಳಿದು, ಉಳಿಯುವುದು ಸ್ಪಂಜಿನಂತೆ ಮಸಾಲೆ ಹೀರುವ, ಹಲ್ಲಿಗೆ ಹಿಡಿತ ಸಿಗುವ ತುಂಡು. ಮೇಲೆ ಸ್ವಲ್ಪ ಕಾರ್ನ್‌ಫ್ಲೋರ್ ಸವರಿ ಹೆಚ್ಚು ಉರಿಯಲ್ಲಿ ಹುರಿದರೆ ಹೊರಪದರ ಗರಿಗರಿಯಾಗುತ್ತದೆ. ಇಂಡೊನೇಷ್ಯಾದ ಟೆಂಪೆಯಲ್ಲಿ ಸೋಯಾಕಾಳನ್ನು ಇಡಿಯಾಗಿ ಬೇಯಿಸಿ ಶಿಲೀಂಧ್ರ ಸೇರಿಸಿ ಒಂದೆರಡು ದಿನ ಹುದುಗಿಸುತ್ತಾರೆ. 100 ಗ್ರಾಂನಲ್ಲಿ ಸುಮಾರು 19 ಗ್ರಾಂ ಪ್ರೊಟೀನ್, ಜೊತೆಗೆ ನಾರು. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡುವ ಒಣ ಉಂಡೆಗಳಲ್ಲಿ ತೂಕದ ಅರ್ಧದಷ್ಟು ಪ್ರೊಟೀನ್ ಇರುತ್ತದೆ. ಅವನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಮತ್ತೆ ತಣ್ಣೀರಿನಲ್ಲಿ ತೊಳೆದು ಹಿಂಡದಿದ್ದರೆ ಸೋಯಾದ ಹಸಿ ವಾಸನೆ ಉಳಿಯುತ್ತದೆ. ಗೋಧಿಯ ಅಂಟಿನಿಂದ ಮಾಡುವ ಸೇಟನ್ ನಾರುನಾರಾಗಿ ಕೋಳಿಯನ್ನು ಹೋಲುತ್ತದೆ, ಗ್ಲುಟೆನ್ ಆಗದವರಿಗೆ ಅದು ಸಲ್ಲದು.

ಹಲಸಿನ ಎಳೆಗಾಯಿ ಮತ್ತು ಅಣಬೆ ಮಾಂಸದ ರೂಪ, ರುಚಿ ಕೊಡುತ್ತವೆ, ಪ್ರೊಟೀನ್ ಕೊಡುವುದಿಲ್ಲ. ಹಲಸಿನಲ್ಲಿ 100 ಗ್ರಾಂಗೆ 2 ಗ್ರಾಂ ಆಸುಪಾಸು. ಜೊತೆಗೆ ಬೇಳೆಯೋ ತೋಫುವೋ ಇರಲೇಬೇಕು.

ಮಾಂಸದಂತೆಯೇ ಕಾಣುವ ಸಸ್ಯಮಾಂಸದ ಬರ್ಗರುಗಳ ಬಗ್ಗೆ ಅತಿಯಾದ ಹೊಗಳಿಕೆಯೂ ಅತಿಯಾದ ತೆಗಳಿಕೆಯೂ ಇದೆ. ಒಂದು ಬಗೆ ಬಟಾಣಿ ಪ್ರೊಟೀನ್‌ನದು. ಇನ್ನೊಂದರಲ್ಲಿ ರಕ್ತದ ಬಣ್ಣ, ರುಚಿಗಾಗಿ ಸೋಯಾ ಬೇರಿನ, ಕಬ್ಬಿಣಾಂಶ ಹೊತ್ತ ಹೀಮ್ ಪ್ರೊಟೀನನ್ನು ಕುಲಾಂತರಿ ಯೀಸ್ಟ್‌ನಿಂದ ತಯಾರಿಸಿ ಸೇರಿಸುತ್ತಾರೆ. ಅತಿಸಂಸ್ಕರಿತ ಆಹಾರ, ಉಪ್ಪು ಹೆಚ್ಚು, ತೆಂಗಿನ ಎಣ್ಣೆ ಹಾಕಿದ್ದರೆ ಪರ್ಯಾಪ್ತ ಕೊಬ್ಬೂ ಹೆಚ್ಚು ಎಂಬ ದೂರು ನಿಜ. ಆದರೆ ಹೋಲಿಸಬೇಕಾದದ್ದು ಯಾವುದರೊಂದಿಗೆ? ಬೇಳೆಯ ಮುಂದೆ ಅದು ಸೋಲುತ್ತದೆ. ಮಾಂಸದ ಬರ್ಗರಿನ ಮುಂದೆ ಸೋಲುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 36 ಜನ ಎಂಟು ವಾರ ಮಾಂಸ, ಎಂಟು ವಾರ ಸಸ್ಯಮಾಂಸ ತಿಂದರು. ಸಸ್ಯಮಾಂಸದ ಅವಧಿಯಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಇಳಿದಿತ್ತು. ಪ್ರಯೋಗಕ್ಕೆ ಹಣ ಕೊಟ್ಟದ್ದು ಅದೇ ಉತ್ಪನ್ನದ ಕಂಪನಿ ಎಂಬುದನ್ನೂ ಓದುಗರು ತಿಳಿದಿರಬೇಕು. ಸಾಸೇಜ್, ಬೇಕನ್‌ನಂಥ ಸಂಸ್ಕರಿತ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅವುಗಳ ಜಾಗಕ್ಕೆ ಸಸ್ಯಮಾಂಸ ಬರುವುದಾದರೆ ನನ್ನ ತಕರಾರಿಲ್ಲ. ವಾರಕ್ಕೊಮ್ಮೆ ಆಸೆ ತೀರಿಸಿಕೊಳ್ಳಲು ಅದು ಸಾಕು, ದಿನದ ಊಟವಾಗಬಾರದು.

ಮೈಕೊಪ್ರೊಟೀನ್ ಎಂಬುದು ಮಣ್ಣಿನ ಶಿಲೀಂಧ್ರವೊಂದನ್ನು ತೊಟ್ಟಿಯಲ್ಲಿ ಬೆಳೆಸಿ ಮಾಡುವ ಆಹಾರ. ಬ್ರಿಟನ್ನಿನಲ್ಲಿ 1985ರಿಂದ ಮಾರಾಟದಲ್ಲಿದೆ. ನಾರಿನ ರಚನೆ ಸಹಜವಾಗಿಯೇ ಮಾಂಸವನ್ನು ಹೋಲುತ್ತದೆ. ಅದರ ಹಲವು ತಿನಿಸುಗಳಲ್ಲಿ ಅಂಟಿಗಾಗಿ ಮೊಟ್ಟೆಯ ಬಿಳಿಭಾಗ ಇರುತ್ತದೆ, ಮೊಟ್ಟೆ ಬಿಟ್ಟವರು ಪೊಟ್ಟಣ ಓದಿ ಕೊಳ್ಳಬೇಕು.

ಪ್ರಯೋಗಾಲಯದಲ್ಲಿ ಪ್ರಾಣಿಕೋಶಗಳಿಂದ ಬೆಳೆಸುವ ಮಾಂಸಕ್ಕಾಗಿ ಕಾಯುತ್ತೇನೆ ಎನ್ನುವವರಿಗೆ ನನ್ನ ಸಲಹೆ ಕಾಯಬೇಡಿ ಎಂದು. ಮೊದಲ ಬರ್ಗರನ್ನು 2013ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಬೇಯಿಸಿ ತೋರಿಸಿದಾಗ ಅದರ ವೆಚ್ಚ ಸುಮಾರು ಎರಡೂವರೆ ಲಕ್ಷ ಯೂರೊ. ಸಿಂಗಪುರ 2020ರಲ್ಲಿ, ಅಮೆರಿಕ 2023ರಲ್ಲಿ ಮಾರಾಟಕ್ಕೆ ಒಪ್ಪಿಗೆ ಕೊಟ್ಟವು. ಇಟಲಿ 2023ರಲ್ಲಿ ನಿಷೇಧಿಸಿತು. ಕೋಶಗಳನ್ನು ಬೆಳೆಸಲು ಹಿಂದೆ ಬಳಸುತ್ತಿದ್ದುದು ಹುಟ್ಟದ ಕರುವಿನ ರಕ್ತದ್ರವ. ಅದಿಲ್ಲದ ದ್ರಾವಣಗಳು ಈಗ ಬಂದಿವೆ. ಕೊಲ್ಲದೆ ಮಾಂಸ ಎಂಬ ಆಸೆ ನನಗೂ ಇಷ್ಟವೇ. ಅದು ದಿನದ ಅಡುಗೆಗೆ ಸಿಗುವಷ್ಟು ಬೆಳೆಯುವ ತನಕ ಕೋಳಿ ತಿನ್ನುತ್ತಲೇ ಇರಲು ಅದನ್ನು ನೆಪ ಮಾಡಿಕೊಳ್ಳಬಾರದು. ಹುಳುಗಳ ಪ್ರೊಟೀನ್ ಬಗ್ಗೆ ನನಗೆ ಉತ್ಸಾಹವಿಲ್ಲ: ಒಂದು ಊಟಕ್ಕೆ ನೂರಾರು ಜೀವ, ಅವಕ್ಕೆ ನೋವಾಗುತ್ತದೋ ಇಲ್ಲವೋ ಎಂಬುದು ಇತ್ಯರ್ಥವಾಗಿಲ್ಲ.

ದೇಹದ ಲೆಕ್ಕ

ಹಾಲು, ಮೊಟ್ಟೆ ಸಹಿತ ಎಲ್ಲವನ್ನೂ ಬಿಡುವವರಿಗೆ ಬಿ12 ವಿಷಯದಲ್ಲಿ ರಾಜಿ ಇಲ್ಲ. ಇದನ್ನು ತಯಾರಿಸುವುದು ಬ್ಯಾಕ್ಟೀರಿಯಾ. ಗಿಡಗಳಲ್ಲಿ ನಂಬುವಷ್ಟು ಪ್ರಮಾಣದಲ್ಲಿ ಇರುವುದಿಲ್ಲ. ವಯಸ್ಕರಿಗೆ ದಿನಕ್ಕೆ 2.4 ಮೈಕ್ರೊಗ್ರಾಂ ಸಾಕಾದರೂ ಗುಳಿಗೆಯಿಂದ ಹೀರಿಕೊಳ್ಳುವುದು ಸ್ವಲ್ಪವೇ ಆದ್ದರಿಂದ ಗುಳಿಗೆಗಳಲ್ಲಿ ಪ್ರಮಾಣ ಹೆಚ್ಚಿರುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಕಾಣಿಸುತ್ತದೆ. ಕಾಣಿಸುವ ಹೊತ್ತಿಗೆ ನರಗಳಿಗೆ ಪೆಟ್ಟಾಗಿರಬಹುದು. ಬಿಟ್ಟ ದಿನದಿಂದಲೇ ಗುಳಿಗೆ ಶುರುವಾಗಬೇಕು.

ಸಸ್ಯದ ಕಬ್ಬಿಣಾಂಶ ಮಾಂಸದ್ದರಷ್ಟು ಸುಲಭವಾಗಿ ದೇಹ ಸೇರುವುದಿಲ್ಲ. ಊಟದ ಜೊತೆ ನಿಂಬೆ, ಕಿತ್ತಳೆ, ಸೀಬೆಯಂಥ ಸಿ ವಿಟಮಿನ್ ಇದ್ದರೆ ಹೀರಿಕೆ ಹೆಚ್ಚುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಇಳಿಯುತ್ತದೆ. ಅಗಸೆ ಬೀಜ, ಆಕ್ರೋಟಿನ ಒಮೆಗಾ-3 ಮೀನಿನ ಬಗೆಗೆ ಪರಿವರ್ತನೆಯಾಗುವುದು ಅಲ್ಪ. ಬೇಕೆನಿಸಿದರೆ ಪಾಚಿಯ ಎಣ್ಣೆಯ ಗುಳಿಗೆ ಇದೆ, ಮೀನುಗಳಿಗೂ ಅದು ದಕ್ಕುವುದು ಪಾಚಿಯಿಂದಲೇ. ಅಯೊಡಿನ್‌ಗೆ ಅಯೊಡಿನ್‌ಯುಕ್ತ ಉಪ್ಪು ಸಾಕು.

ಎಲುಬಿನ ವಿಷಯವನ್ನು ಸಸ್ಯಾಹಾರದ ಪರ ಇರುವವರು ಹೆಚ್ಚು ಮಾತನಾಡುವುದಿಲ್ಲ, ಮಾತನಾಡಬೇಕು. ಬ್ರಿಟನ್ನಿನಲ್ಲಿ ಹಲವು ವರ್ಷ ನಡೆದ ಅಧ್ಯಯನವೊಂದರ 2020ರ ವರದಿಯಲ್ಲಿ, ಎಲ್ಲ ಪ್ರಾಣಿಜನ್ಯ ಆಹಾರ ಬಿಟ್ಟವರಿಗೆ ಸೊಂಟದ ಮೂಳೆ ಮುರಿತದ ಅಪಾಯ ಮಾಂಸಾಹಾರಿಗಳಿಗಿಂತ 2.3 ಪಟ್ಟು ಇತ್ತು. ಕಡಿಮೆ ತೂಕ, ಕಡಿಮೆ ಕ್ಯಾಲ್ಸಿಯಂ, ಕಡಿಮೆ ಪ್ರೊಟೀನ್ ಇದರ ಹಿಂದಿನ ಕಾರಣಗಳಲ್ಲಿ ಸೇರಿವೆ, ಆದರೆ ಪೂರ್ತಿ ಕಾರಣ ಅವಷ್ಟೇ ಅಲ್ಲ. ಕ್ಯಾಲ್ಸಿಯಂ ಲವಣದಿಂದ ಗಟ್ಟಿಯಾಗಿಸಿದ ತೋಫು, ಎಳ್ಳು, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು, ವಿಟಮಿನ್ ಡಿ ಮತ್ತು ಭಾರ ಎತ್ತುವ ವ್ಯಾಯಾಮ ದಿನಚರಿಯಲ್ಲಿ ಇರಲಿ. ಗರ್ಭಿಣಿಯರು, ಎಳೆಯ ಮಕ್ಕಳ ತಾಯ್ತಂದೆಯರು, ಮೂತ್ರಪಿಂಡದ ತೊಂದರೆ ಇರುವವರು ಆಹಾರತಜ್ಞರೊಂದಿಗೆ ಮಾತನಾಡದೆ ಬದಲಾವಣೆ ಮಾಡಬಾರದು.

ಯಾವ ಕ್ರಮದಲ್ಲಿ?

ನೋವನ್ನು ಮುಂದಿಟ್ಟುಕೊಂಡು ಹೊರಟವರಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲು ಹೋಗಬೇಕಾದವು ಫಾರಂ ಕೋಳಿ ಮತ್ತು ಪಂಜರದ ಮೊಟ್ಟೆ, ಎರಡೂ ಒಟ್ಟಿಗೆ. ಕೋಳಿ ಬಿಟ್ಟು ಆ ಜಾಗಕ್ಕೆ ದಿನಕ್ಕೆರಡು ಮೊಟ್ಟೆ ತಂದರೆ ಬಿಟ್ಟದ್ದು ವ್ಯರ್ಥ. ಅದರ ನಂತರ ಸಾಕಣೆಯ ಮೀನು, ಸಿಗಡಿ, ಆಮೇಲೆ ಹಂದಿ. ದನ ಮತ್ತು ಕುರಿಯ ಮಾಂಸವನ್ನು ಕೊನೆಯವರೆಗೆ ಉಳಿಸಿಕೊಂಡರೂ ಪ್ರಮಾಣವನ್ನು ಮೊದಲ ದಿನದಿಂದಲೇ ಇಳಿಸಬೇಕು, ಏಕೆಂದರೆ ಕೋಳಿಯ ಜಾಗವನ್ನು ದನದಿಂದ ತುಂಬಿದರೆ ಭೂಮಿಯ ಸಾಲ ಒಂಬತ್ತು ಪಟ್ಟು ಏರುತ್ತದೆ. ಖಾಲಿಯಾದ ಜಾಗಕ್ಕೆ ಬರಬೇಕಾದದ್ದು ಬೇಳೆ ಮತ್ತು ಸೋಯಾ. ಹಾಲು ಕೊನೆಗೆ.

ಭೂಮಿಯ ಚಿಂತೆಯಿಂದ ಹೊರಟವರ ಕ್ರಮ ಬೇರೆ: ದನ, ಕುರಿ, ನಂತರ ಚೀಸ್. ಅವರಲ್ಲಿ ನನ್ನ ಕೋರಿಕೆ ಇಷ್ಟೇ, ಅಲ್ಲಿಂದ ಇಳಿಯುವಾಗ ಕೋಳಿಯಲ್ಲಿ ನಿಲ್ಲದೆ ನೇರವಾಗಿ ಬೇಳೆಗೆ ಬನ್ನಿ. ಕೊಲ್ಲುವುದೇ ತಪ್ಪು ಎಂದು ಮನಗಂಡವರಿಗೆ ಕ್ರಮದ ಅಗತ್ಯವಿಲ್ಲ. ಅವರಿಗೆ ಬೇಕಾದದ್ದು ಬಿ12 ಗುಳಿಗೆ ಮತ್ತು ಅಡುಗೆಯ ತಯಾರಿ.

ಒಂದೇ ಅಡುಗೆಮನೆಯಲ್ಲಿ ಬಿಟ್ಟವರೂ ಬಿಡದವರೂ ಇರುವ ಮನೆಗಳೇ ಹೆಚ್ಚು. ಅಂಥಲ್ಲಿ ಎರಡು ಅಡುಗೆ ಮಾಡುವುದಕ್ಕಿಂತ ಸಾರು, ಪಲ್ಯ, ಅನ್ನ ಅಥವಾ ರೊಟ್ಟಿಯನ್ನು ಎಲ್ಲರಿಗೂ ಒಂದೇ ಮಾಡಿ, ಪ್ರೊಟೀನ್ ಒಂದನ್ನು ಬೇರೆ ಬಾಣಲೆಯಲ್ಲಿ ಕೊನೆಗೆ ಸೇರಿಸುವುದು ಸುಲಭ. ಮಾಂಸ ತಿನ್ನುವವರ ಪಾಲಿಗೂ ಅರ್ಧ ಮಾಂಸ, ಅರ್ಧ ಬೇಯಿಸಿದ ಬೇಳೆ ಅಥವಾ ನೆನೆಸಿ ಹಿಂಡಿದ ಸೋಯಾ ಪುಡಿ ಬೆರೆಸಿದರೆ ಕೀಮಾದಂಥ ಅಡುಗೆಯಲ್ಲಿ ವ್ಯತ್ಯಾಸ ಗೊತ್ತಾಗುವುದು ಕಡಿಮೆ. ಬೆರೆಸಿದ್ದನ್ನು ಹೇಳಿಯೇ ಬಡಿಸಬೇಕು. ಸೋಯಾ ಒಗ್ಗದವರು ಮನೆಯಲ್ಲಿ ಇರಬಹುದು.